ಉಣ್ಣೆ ಕೋಟಿನ ಬೆನ್ನು

ಆಗ ನನಗೆ ಎಪ್ಪತ್ತೊಂದು ವರ್ಷ. ಅದಾಗಿ ಮೂರು ವರ್ಷ ಕಳೆದಿದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ, ಅಮೆರಿಕದ ಚಾಟ್ಸ್‌ವರ್ತ್‌ನಲ್ಲಿ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯ ಹಿಂಬಾಗಿಲಿಗೆ ಒಂದು ವ್ಯಾನು ಬಂದು ನಿಂತಿತು. ಒಬ್ಬ ಅಮೆರಿಕನ್ ಮುದುಕ ಇಳಿದು, ಚಕ್ರದ ಸ್ಟ್ಯಾಂಡಿಗೆ ನೇತುಹಾಕಿದ್ದ ಕೋಟುಗಳನ್ನು ಒಳಗೆ ತಳ್ಳಿಕೊಂಡು ಬಂದ. ಕಡುಗೆಂಪು ಉಣ್ಣೆ. ಗಲ್ಲ ಮುಟ್ಟುವ ಕಾಲರು. ಎದೆಯ ಮೇಲೆ ಅಡ್ಡಡ್ಡ ಬಿಳಿ ಡೋರಿ, ಹಿತ್ತಾಳೆ ಗುಂಡಿ.

ನಾನು ಕೈಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ ಒಂದು ಕೋಟಿನ ಒಳಗೆ ಕೈ ತೂರಿಸಿದೆ. ಒಳಗೆ ಕ್ಯಾನ್ವಾಸು, ಅದರ ಮೇಲೆ ಹತ್ತಿಯ ಪದರ, ಅದರ ಮೇಲೆ ಲೈನಿಂಗು, ಎಲ್ಲ ಕೈಹೊಲಿಗೆ. ಬೆಂಗಳೂರು ಬಿಟ್ಟ ಮೇಲೆ ಅಂಥದ್ದನ್ನು ನಾನು ಮುಟ್ಟಿರಲಿಲ್ಲ. ಕಲಾಸಿಪಾಳ್ಯದ ಹತ್ತಿರ ನಮ್ಮ ಅಂಗಡಿ ಇತ್ತು. ಮದುವೆ ಬ್ಯಾಂಡ್‌ಸೆಟ್ಟಿನವರ ಕೋಟು ನಮ್ಮ ಯಜಮಾನರು ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಯಜಮಾನರು ಹೋದರು, ಅಂಗಡಿಯೂ ಹೋಯಿತು. ಇಲ್ಲಿ ಮಗಳ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಈ ಕೆಲಸ ಹಿಡಿದೆ. ಆ ಕಥೆ ಇಷ್ಟೇ ಸಾಕು. ಆ ಕೋಟಿನೊಳಗೆ ಕೈ ಇಟ್ಟುಕೊಂಡು ನಾನು ಸ್ವಲ್ಪ ಹೆಚ್ಚೇ ಹೊತ್ತು ನಿಂತೆ ಅಂತ ಕಾಣುತ್ತದೆ. ಮುದುಕ ನನ್ನನ್ನೇ ನೋಡುತ್ತಿದ್ದ.

ಅವನದ್ದು ಸ್ಯಾನ್ ಡಿಯಾಗೊ ಕಡೆಯ ಒಂದು ಡ್ರಮ್ ಕೋರ್. ಹಾಗೆಂದರೆ ತುತ್ತೂರಿ, ಡ್ರಮ್ಮು, ಬಾವುಟ ಹಿಡಿದ ಹುಡುಗ ಹುಡುಗಿಯರ ದಂಡು. ಫುಟ್‌ಬಾಲ್ ಮೈದಾನದ ಮೇಲೆ ನುಡಿಸುತ್ತಲೇ ಓಡಾಡಿ ಸಾಲು, ಸುತ್ತು, ಚೌಕ ಕಟ್ಟುತ್ತಾರೆ. ಬೇಸಿಗೆಯೆಲ್ಲ ಬಸ್ಸಿನಲ್ಲಿ ಊರೂರು ತಿರುಗಿ, ಶಾಲೆಗಳ ನೆಲದ ಮೇಲೆ ಮಲಗಿ, ಇಂಥವೇ ಬೇರೆ ದಂಡುಗಳ ಜೊತೆ ಪೈಪೋಟಿ ಮಾಡುತ್ತಾರೆ. ಇಪ್ಪತ್ತೊಂದು ದಾಟಿದರೆ ಆಮೇಲೆ ಸೇರಿಸಿಕೊಳ್ಳುವುದಿಲ್ಲ. ಮುದುಕ ಚಿಕ್ಕವನಿದ್ದಾಗ ಅದರಲ್ಲೇ ಸ್ನೇರ್ ಎನ್ನುವ ಸಣ್ಣ ಡ್ರಮ್ ಬಾರಿಸುತ್ತಿದ್ದನಂತೆ. ಈಗ ಸಂಬಳವಿಲ್ಲದೆ ಕೋಟುಗಳನ್ನು ನೋಡಿಕೊಳ್ಳುತ್ತಿದ್ದ. ಆ ವರ್ಷ ತುತ್ತೂರಿಯವರೂ ಬಾವುಟದವರೂ ತೆಳುವಾದ, ಎಳೆದರೆ ಹಿಗ್ಗುವ ಹೊಸ ಬಟ್ಟೆಗೆ ಬದಲಾಗಿದ್ದರು. ಡ್ರಮ್ಮಿನವರು ಮಾತ್ರ ಉಣ್ಣೆ ಕೋಟು ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು. ಆ ಕೋಟುಗಳನ್ನು ಆ ಸಲದ ಮಕ್ಕಳ ಮೈಗೆ ಕೂರಿಸಿಕೊಡುವುದು ನನ್ನ ಕೆಲಸ.

ಅವನನ್ನು ನಮ್ಮ ಅಂಗಡಿಗೆ ಕಳಿಸಿದವಳು ನನ್ನ ಮೊಮ್ಮಗಳು. ಅವಳು ಅದೇ ದಂಡಿನಲ್ಲಿ ಬಾಸ್ ಡ್ರಮ್ ಹೊರುತ್ತಿದ್ದಳು.

ಈ ಹುಡುಗಿಯನ್ನು ನಾನು ನಾಲ್ಕು ವರ್ಷ ತುಂಬುವವರೆಗೆ ಬೆಂಗಳೂರಿನಲ್ಲಿ ಸಾಕಿದ್ದೆ. ಮಗಳು ಆಗ ಇಲ್ಲಿ ನರ್ಸ್ ಪರೀಕ್ಷೆ ಬರೆಯುತ್ತ ಒದ್ದಾಡುತ್ತಿದ್ದಳು. ಮಗು ನನ್ನ ಮಿಷನ್ನಿನ ಕಾಲ ಹತ್ತಿರ ಕೂತು ಕನ್ನಡದಲ್ಲಿ ವಟವಟ ಅನ್ನುತ್ತಿತ್ತು. ಇಲ್ಲಿಗೆ ಕರೆದುಕೊಂಡು ಬಂದರು, ಸ್ಕೂಲಿಗೆ ಹಾಕಿದರು, ಕನ್ನಡ ಬಾಯಿಂದ ಹೋಯಿತು. ನಾನು ಇಲ್ಲಿಗೆ ಬರುವ ಹೊತ್ತಿಗೆ ನಾನು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು ಹರಕು. ಹೀಗಾಗಿ ನಾನು ಪ್ರಶ್ನೆಗಳನ್ನೇ ಕಮ್ಮಿ ಮಾಡಿದೆ.

ಕೋವಿಡ್ ಬರುವ ಮೊದಲಿನ ಚಳಿಗಾಲದಲ್ಲಿ ಅವಳು ದಂಡಿಗೆ ಆಯ್ಕೆಯಾಗಿದ್ದಳು. ಅಲ್ಲಿ ಒಂದು ಪದ್ಧತಿ ಇದೆ. ಆಯ್ಕೆಯಾದ ದಿನ ಬರೀ ಮರದ ಹ್ಯಾಂಗರ್ ಕೊಡುತ್ತಾರೆ, ಕೋಟು ಕೊಡುವುದಿಲ್ಲ. ತಿಂಗಳುಗಟ್ಟಲೆ ಚಡ್ಡಿ ಟೋಪಿಯಲ್ಲಿ ಬಿಸಿಲಲ್ಲಿ ತಾಲೀಮು ಮಾಡಬೇಕು. ಮೊದಲ ಸ್ಪರ್ಧೆಯ ಹಿಂದಿನ ಸಂಜೆ, ಹಿಂದೆ ಆ ದಂಡಿನಲ್ಲಿದ್ದ ಯಾರಾದರೂ ಬಂದು ಕೋಟನ್ನು ಹೆಗಲಿಗೆ ಹಾಕುತ್ತಾರೆ. ಮೊಮ್ಮಗಳಿಗೆ ಹ್ಯಾಂಗರ್ ಸಿಕ್ಕಿತು, ಕಾಯಿಲೆ ಬಂತು, ಎಲ್ಲ ನಿಂತಿತು. ಎರಡು ಬೇಸಿಗೆ ಆ ಖಾಲಿ ಹ್ಯಾಂಗರ್ ಅವಳ ಕೋಣೆಯ ಬಾಗಿಲ ಹಿಂದೆ ತೂಗಾಡಿತು. ಅದರ ಮೇಲೆ ಬೇರೆ ಒಂದು ಬಟ್ಟೆ ಹಾಕಿದರೂ ಜಗಳಕ್ಕೆ ಬರುತ್ತಿದ್ದಳು. ಮೂರನೆಯ ಬೇಸಿಗೆಗೆ ದಂಡು ಮತ್ತೆ ಹೊರಟಾಗ ಅವಳಿಗೆ ಇಪ್ಪತ್ತೊಂದು. ಅದೇ ಮೊದಲನೆಯದು, ಅದೇ ಕೊನೆಯದು.

ಕೆಲಸ ಶುರು ಮಾಡಿದೆ. ಬಾಸ್ ಡ್ರಮ್ ಹೊರುವವರ ಕೋಟು ತಂಟೆ. ಅಲ್ಯೂಮಿನಿಯಂ ಚೌಕಟ್ಟೊಂದು ಹೆಗಲ ಮೇಲೆ ಕೂತು, ಎದೆ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಅದರ ಮುಂದೆ ಬಂಡಿಯ ಗಾಲಿಯಷ್ಟು ಡ್ರಮ್ಮು. ಗುಂಡಿಗಳು ಚೌಕಟ್ಟಿನ ಕೆಳಗೆ ಸಿಕ್ಕಿ ಮೂಳೆಗೆ ಒತ್ತುತ್ತವೆ. ಅದಕ್ಕೆ ಗುಂಡಿ ಬಿಚ್ಚಿ, ಒಳಗಡೆ ಹುಕ್ಕು ಹಾಕಿ, ಕಾಜದ ಮೇಲೆ ತೋರಿಕೆಗೆ ಚಪ್ಪಟೆ ಗುಂಡಿ ಇಟ್ಟೆ. ಎರಡೂ ಕೈ ಅಗಲಿಸಿ ಬಡಿಯಬೇಕಾದ್ದರಿಂದ ಕಂಕುಳಲ್ಲಿ ಹೊಲಿಗೆ ಬಿಚ್ಚಿ ಬೇರೆ ತುಂಡು ಕೂರಿಸಿದೆ. ಹೆಗಲಿನ ಹತ್ತಿ ತೆಗೆದು ಚೌಕಟ್ಟಿನ ಅಡಿಗೆ ಮೆತ್ತೆ ಮಾಡಿದೆ. ಮುದುಕ ವಾರದಲ್ಲಿ ಎರಡು ಸಲ ಸಮುದ್ರದಂಚಿನ ತನ್ನೂರು ಕಾರ್ಲ್ಸ್‌ಬಾಡ್‌ನಿಂದ ಡ್ರೈವ್ ಮಾಡಿಕೊಂಡು ಬಂದು, ಇಸ್ತ್ರಿ ಮೇಜಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಒದ್ದೆ ಬಟ್ಟೆ ಹಾಸಿ ಉಣ್ಣೆಯ ಮೇಲೆ ಕಾದ ಇಸ್ತ್ರಿ ಇಟ್ಟಾಗ ಒಂದು ವಾಸನೆ ಏಳುತ್ತದೆ. ಅದು ಬಂದಾಗ ನಾವಿಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ಅವನು ಎಲ್ಲಿಗೆ ಹೋಗುತ್ತಿದ್ದನೋ ಗೊತ್ತಿಲ್ಲ. ನಾನು ಕಲಾಸಿಪಾಳ್ಯಕ್ಕೆ ಹೋಗುತ್ತಿದ್ದೆ.

ತೊಂದರೆ ಬಂದದ್ದು ಕೋಟುಗಳು ಮುಗಿಯುತ್ತ ಬಂದಾಗ. ಕಾರ್ಲ್ಸ್‌ಬಾಡ್‌ನಿಂದ ಒಳಗೆ, ಗುಡ್ಡಗಳ ಹಿಂದಿನ ಒಂದು ಊರಿನ ಶಾಲೆಯಲ್ಲಿ ತಾಲೀಮು ನಡೆಯುತ್ತಿತ್ತು. ಸಮುದ್ರದ ಗಾಳಿ ಅಲ್ಲಿಗೆ ಬರುವುದಿಲ್ಲ. ಅಳತೆ ನೋಡಲೆಂದು ಒಬ್ಬ ಹುಡುಗನಿಗೆ ಕೋಟು ಹಾಕಿ ನಡೆಸಿದಾಗ ಅವನು ಕಾಲು ಕುಸಿದು ಕೂತುಬಿಟ್ಟ. ದಂಡಿನ ಮಕ್ಕಳ ಆರೋಗ್ಯ ನೋಡಿಕೊಳ್ಳಲು ಒಬ್ಬಳು ಟ್ರೇನರ್ ಹುಡುಗಿ ಇದ್ದಳು. ಬಿಸಿಲು ಅಳೆಯುವ ಒಂದು ಯಂತ್ರ ಮೈದಾನದ ಅಂಚಿನಲ್ಲಿ ನೆಟ್ಟಿರುತ್ತಿದ್ದಳು. ಮೈಯ ಕಾವು ಹೊರಗೆ ಹೋಗುವ ಹಾಗೆ ಮಾಡದಿದ್ದರೆ ಈ ಕೋಟು ಮೈದಾನಕ್ಕೆ ಇಳಿಯಕೂಡದು, ಡ್ರಮ್ಮಿನವರು ಟೀ ಶರ್ಟಿನಲ್ಲಿ ಆಡಲಿ ಎಂದು ಅವಳು ಕಡ್ಡಿ ಮುರಿದ ಹಾಗೆ ಹೇಳಿದಳಂತೆ.

ಆ ಭಾನುವಾರ ಮೊಮ್ಮಗಳು ಮನೆಗೆ ಬಂದಳು. ಮೂಗು, ಕೆನ್ನೆ ಸುಟ್ಟು ಸಿಪ್ಪೆ ಏಳುತ್ತಿತ್ತು. ಊಟಕ್ಕೆ ಕೂತಾಗ ಅಮ್ಮ ಮಗಳಿಗೆ ಶುರುವಾಯಿತು. ಮಗಳು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವವಳು. ಛಾವಣಿ ಹಾಕುವವರು, ತೋಟದ ಕೆಲಸದವರು ಬಿಸಿಲಲ್ಲಿ ಬಿದ್ದು ಬರುವುದನ್ನು ಪ್ರತಿ ಬೇಸಿಗೆ ನೋಡುತ್ತಾಳೆ. ಬೆವರು ನೋಡಿ ಬಿಸಿಲು ಬಡಿದಿಲ್ಲ ಎಂದು ಹೇಳಲಾಗುವುದಿಲ್ಲ, ಕೆಲವರು ತೊಯ್ದು ತೊಪ್ಪೆಯಾಗಿಯೇ ಬಂದಿರುತ್ತಾರೆ, ಮೊದಲು ಕೆಡುವುದು ತಲೆ, ಏನೇನೋ ಮಾತಾಡುತ್ತಾರೆ ಎಂದಳು. ಟೀ ಶರ್ಟ್ ಆದರೆ ಏನಾಯಿತು ಎಂದಳು. ಮೊಮ್ಮಗಳು ತಟ್ಟೆ ಸರಿಸಿ, ಎರಡು ವರ್ಷ ಕಾದಿದ್ದು ಟೀ ಶರ್ಟಿಗಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದು ಹೋದಳು. ಮಗಳು ನನ್ನ ಕಡೆ ತಿರುಗಿದಳು.

"ಅಮ್ಮ, ನೀನು ಹೊಲಿದುಕೊಟ್ಟ ಕೋಟಲ್ಲಿ ಅವಳು ಬಿದ್ರೆ, ನಾನು ನಿನ್ನ ಹತ್ರ ಮಾತಾಡಲ್ಲ. ಈಗಲೇ ಹೇಳಿರ್ತೀನಿ."

"ಬೀಳ್ದಂಗೆ ಹೊಲಿತೀನಿ ಬಿಡು" ಅಂದೆ.

ನನಗೆ ಒಂದು ಉಪಾಯ ಹೊಳೆದಿತ್ತು. ನಮ್ಮ ಬ್ಯಾಂಡ್‌ಸೆಟ್ಟಿನವರು ಏಪ್ರಿಲ್ ಮೇ ಬಿಸಿಲಲ್ಲಿ ಮದುಮಗನ ಕಾರಿನ ಮುಂದೆ ಮೈಲಿಗಟ್ಟಲೆ ನಡೆಯುತ್ತಿದ್ದರು. ಅವರ ಕೋಟಿಗೆ ಮುಂಭಾಗ ಮಾತ್ರ ಒಳ್ಳೆ ಬಟ್ಟೆ, ಬೆನ್ನಿಗೆ ತೆಳುವಾದ ಮಲ್ಲು ಬಟ್ಟೆ. ಖರ್ಚೂ ಉಳಿಯುತ್ತಿತ್ತು, ಗಾಳಿಯೂ ಆಡುತ್ತಿತ್ತು. ವರ್ಷಗಟ್ಟಲೆ ಹಾಗೇ ಹೊಲಿದಿದ್ದೇನೆ, ಒಬ್ಬರೂ ಆಕ್ಷೇಪಣೆ ಮಾಡಿದ್ದಿಲ್ಲ. ಮುದುಕನಿಗೆ ಫೋನ್ ಮಾಡಿಸಿ, ಬೆನ್ನು ತೆಗೆದು ಜಾಲರಿ ಬಟ್ಟೆ ಹಾಕುತ್ತೇನೆ, ಮುಂದೆ ನೋಡಿದರೆ ಕೋಟು ಕೋಟೇ ಅಂದೆ. ಬಂದು ನಿಂತ. ಕತ್ತರಿ ಮೊದಲ ಕೋಟಿನ ಬೆನ್ನಿನ ಹೊಲಿಗೆಗೆ ತಾಗಿದ ತಕ್ಷಣ ಹೊರಗೆ ಪಾರ್ಕಿಂಗ್ ಲಾಟಿಗೆ ಹೋಗಿಬಿಟ್ಟ.

ಡೌನ್‌ಟೌನ್‌ನ ಬಟ್ಟೆ ಬೀದಿಯಿಂದ ಆಟಗಾರರ ಜರ್ಸಿಗೆ ಹಾಕುವ ಜಾಲರಿ ತರಿಸಿದೆ. ಕೆಂಪು ಸಿಕ್ಕಲಿಲ್ಲ, ಬೂದು ಬಣ್ಣ ತಂದೆ, ಬೆನ್ನಿಗೆ ತಾನೆ ಅಂತ. ಲೈನಿಂಗ್ ಕಿತ್ತೆ. ಕಾಲರಿನ ಬುಡದಿಂದ ಸೊಂಟದವರೆಗೆ ಉಣ್ಣೆ ಬಿಚ್ಚಿ, ಅಂಚು ಮಡಿಸಿ, ಜಾಲರಿ ಕೂರಿಸಿದೆ. ಬಿಚ್ಚಿದ ಬೆನ್ನುಗಳನ್ನು ಮಡಿಸಿ ಚೀಲಕ್ಕೆ ಹಾಕಿಟ್ಟೆ. ಬಟ್ಟೆ ಬಿಸಾಡುವ ಅಭ್ಯಾಸ ನನಗಿಲ್ಲ.

ಮುದುಕನ ವ್ಯಾನಿನಲ್ಲಿ ನಾನೂ ಹೋದೆ. ಟ್ರೇನರ್ ಹುಡುಗಿ ಜಾಲರಿಯೊಳಗೆ ಕೈಯಾಡಿಸಿ, ಇದು ಪರವಾಗಿಲ್ಲ ಎಂದಳು. ಮಕ್ಕಳು ಹಾಕಿಕೊಂಡರು, ಡ್ರಮ್ ಏರಿಸಿಕೊಂಡರು. ಮೈದಾನದ ಪಕ್ಕದ ಮೆಟ್ಟಿಲ ಮೇಲೆ ಅಪ್ಪ ಅಮ್ಮಂದಿರು ಕೂತಿದ್ದರು. ಶುರುವಾಯಿತು. ಆ ಸದ್ದು ಕಿವಿಗೆ ಬರುವುದಿಲ್ಲ, ಹೊಟ್ಟೆಗೆ ಬರುತ್ತದೆ. ಕೆಂಪು ಸಾಲು ನಮ್ಮ ಕಡೆಗೆ ನಡೆದು ಬಂದಾಗ ಮುದುಕ ನನ್ನ ಮೊಣಕೈ ಮುಟ್ಟಿ ತಲೆ ಆಡಿಸಿದ. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ತುತ್ತೂರಿಗಳೆಲ್ಲ ಸಣ್ಣದಾಗಿ ಒಂದು ರಾಗ ಹಿಡಿದವು. ಇಡೀ ಆಟದಲ್ಲಿ ಅತ್ಯಂತ ಮೆತ್ತಗಿನ ಭಾಗ ಅದು. ಆಗ ಡ್ರಮ್ಮಿನವರೆಲ್ಲ ಒಟ್ಟಿಗೆ ತಿರುಗಿ, ನಮಗೆ ಬೆನ್ನು ಹಾಕಿ, ನಿಧಾನಕ್ಕೆ ಮೈದಾನದ ಆ ತುದಿಗೆ ನಡೆದುಕೊಂಡು ಹೋದರು. ಬೂದು ಜಾಲರಿ. ಒಳಗೆ ಒಬ್ಬನದು ಹಳದಿ ಬನಿಯನ್, ಒಬ್ಬಳದು ಹಸಿರು, ಒಬ್ಬನದು ಯಾವುದೋ ಪಿಜ್ಜಾ ಅಂಗಡಿಯ ಅಂಗಿ. ಹುಡುಗಿಯರ ಒಳಬಟ್ಟೆಯ ಪಟ್ಟಿಗಳು. ಮೆಟ್ಟಿಲ ಮೇಲೆ ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

ಇವರು ತಿರುಗುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಕಂಡ ಬ್ಯಾಂಡು ಛತ್ರದ ಕಡೆಗೆ ನೆಟ್ಟಗೆ ನಡೆಯುವ ಬ್ಯಾಂಡು. ಅದಕ್ಕೆ ಬೆನ್ನಿದ್ದರೂ ನೋಡುವವನು ಮದುಮಗನ ಕಾರಿನ ಡ್ರೈವರ್ ಒಬ್ಬನೇ.

ಆಟ ಕೂರಿಸಿದ ಮೇಷ್ಟ್ರು ಬಂದು ಇದು ಯಾರ ಕೆಲಸ ಎಂದು ಕೇಳಿದರು. ಮುದುಕ ನೆಲ ನೋಡಿದ. "ನಂದು" ಅಂದೆ. ಮೊಮ್ಮಗಳು ಡ್ರಮ್ ಇಳಿಸಿ ನನ್ನ ಹತ್ತಿರ ಬಂದು, ರೆಕ್ಕೆ ಪುಕ್ಕ ಕಿತ್ತ ಕೋಳಿ ಥರ ಮಾಡಿಟ್ಟೆ ನಮ್ಮನ್ನ, ಅಜ್ಜಿ, ಎಂದು ಇಂಗ್ಲಿಷಿನಲ್ಲಿ ಅಂದು ಹೋದಳು. ಸಾಲಿನಲ್ಲಿ ಅವಳ ಪಕ್ಕದ ಹುಡುಗ ಕೋಳಿಯ ಹಾಗೆ ಕೂಗಿ ತೋರಿಸಿದ. ನನಗೂ ನಗು ಬಂತು, ನುಂಗಿಕೊಂಡೆ.

ಸ್ಪರ್ಧೆಗೆ ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಮೇಷ್ಟ್ರು, ಮುದುಕ, ಟ್ರೇನರ್ ಹುಡುಗಿ ಟೆಂಟಿನ ಕೆಳಗೆ ಕೂತು ಮಾತಾಡಿದರು. ಉಣ್ಣೆಯ ಬೆನ್ನು ವಾಪಸ್ ಹಾಕುವುದು, ಆಟಕ್ಕೆ ಮೊದಲು ಮಕ್ಕಳಿಗೆ ಐಸ್ ತುಂಬಿದ ಜಾಕೆಟ್ ಹಾಕಿ ತಂಪು ಮಾಡುವುದು, ಆಟ ಮುಗಿದ ತಕ್ಷಣ ಕೋಟು ಬಿಚ್ಚುವುದು. ಟ್ರೇನರ್ ಅರೆಮನಸ್ಸಿನಿಂದ, ಒಂದೇ ಒಂದು ಸಲ, ಸಂಜೆ ಬಿಸಿಲು ಇಳಿದ ಮೇಲೆ ಪರೀಕ್ಷೆ ಮಾಡೋಣ ಎಂದಳು. ನಾನು ಚೀಲದಿಂದ ಬೆನ್ನುಗಳನ್ನು ತೆಗೆದು, ಜಾಲರಿಯ ಮೇಲೆಯೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಕೂರಿಸಿದೆ. ಸರಿ ಬಂದರೆ ಆಮೇಲೆ ಪಕ್ಕಾ ಹೊಲಿಯುವುದು ಅಂತ. ಕಚ್ಚಾ ಹೊಲಿಗೆಗೆ ಕಾಲರಿನ ಹತ್ತಿರ ಒಂದು ಗಂಟು ಬಿಟ್ಟಿರುತ್ತೇನೆ. ಅದನ್ನು ಹಿಡಿದು ಎಳೆದರೆ ದಾರ ಪೂರ್ತಿ ಬಂದುಬಿಡುತ್ತದೆ. ಇದನ್ನು ಹೇಳಿಕೊಟ್ಟವರು ಯಜಮಾನರು.

ಮಾರನೆಯ ಸಂಜೆ ಬಿಸಿಲು ಇಳಿಯಲೇ ಇಲ್ಲ. ಮೇಷ್ಟ್ರಿಗೆ ಮೈದಾನ ಬಿಟ್ಟುಕೊಡುವ ಗಡಿಬಿಡಿ, ಅದಕ್ಕೆ ಹೊತ್ತಿಗೆ ಮೊದಲೇ ಶುರು ಮಾಡಿಸಿದರು. ಒಂದು ಸಲ ಮುಗಿಯಿತು. ಬೆನ್ನು ಚೆನ್ನಾಗಿ ಕಂಡಿತು. ಆ ಮೆತ್ತಗಿನ ರಾಗಕ್ಕೆ ಕೆಂಪು ಬೆನ್ನುಗಳು ದೂರ ದೂರ ಹೋಗುವುದನ್ನು ನೋಡುತ್ತ ಮುದುಕ ಕನ್ನಡಕ ತೆಗೆದು ಒರೆಸಿಕೊಂಡ. ಅದು ಯಾರೋ ನಮ್ಮವರು ಹೋಗುತ್ತಿರುವ ಹಾಗೆ ಇತ್ತು. ಅಷ್ಟರಲ್ಲಿ ತುತ್ತೂರಿಯವಳೊಬ್ಬಳು ಕಾಲು ಉಳುಕಿಸಿಕೊಂಡು ಕೂತಳು. ಟ್ರೇನರ್ ಆ ತುದಿಗೆ ಓಡಿದಳು. ಮೇಷ್ಟ್ರು ಆಟ ನೋಡಲು ಕಟ್ಟಿದ್ದ ಗೋಪುರದ ಮೇಲಿಂದ ಮೈಕಿನಲ್ಲಿ, ಇನ್ನೊಂದು ಸಲ, ಎಂದರು. ಡ್ರಮ್ಮಿನವರು ತಕರಾರಿಲ್ಲದೆ ಜಾಗಕ್ಕೆ ಹೋಗಿ ನಿಂತರು. ಅದು ಅವರ ಹೆಮ್ಮೆ. ಇನ್ನೊಂದು ಸಲ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಶುರುವಾಗುವ ಮೊದಲು ಮೊಮ್ಮಗಳ ಕಾಲರು ಒಂದು ಕಡೆ ಎದ್ದಿದ್ದು ಕಂಡಿತು. ಸರಿ ಮಾಡೋಣ ಎಂದು ಹತ್ತಿರ ಹೋದೆ. ಮುಖವೆಲ್ಲ ಬೆವರು, ಕಣ್ಣು ಎಲ್ಲೋ ಇತ್ತು. ನೀರು ಕುಡಿತೀಯೇನೆ ಎಂದು ಕೇಳಿದೆ.

"ಅಜ್ಜಿ" ಅಂದಳು, "ಗುಂಡಿ ಡಬ್ಬ ಕೊಡು. ನಾನು ಚೆಲ್ಲಲ್ಲ."

ಕನ್ನಡ. ಸ್ವಚ್ಛ ಕನ್ನಡ, ನಾಲ್ಕು ವರ್ಷದ ಮಗುವಿನ ಧ್ವನಿಯಲ್ಲಿ. ಕಲಾಸಿಪಾಳ್ಯದ ಅಂಗಡಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬದ ತುಂಬ ಹಳೇ ಗುಂಡಿ ಇರುತ್ತಿದ್ದವು. ಮಗು ಅದನ್ನು ಬೇಡಿ ತೆಗೆದುಕೊಂಡು ನೆಲದ ಮೇಲೆ ಸಾಲು ಹಚ್ಚುತ್ತಿತ್ತು. ಪಕ್ಕದ ಹುಡುಗ ಇವಳು ತನ್ನ ಅಜ್ಜಿಯ ಜೊತೆ ತನ್ನ ಭಾಷೆ ಮಾತಾಡುತ್ತಿದ್ದಾಳೆ ಅಂದುಕೊಂಡು ನಕ್ಕ. ನನಗೂ ಮೊದಲು ಆದದ್ದು ಸಂತೋಷ. ಎಷ್ಟು ವರ್ಷದಿಂದ ಆ ಬಾಯಿಂದ ಅದನ್ನು ಕೇಳಬೇಕು ಅಂತಿದ್ದೆ. ಆ ಸಂತೋಷ ಒಂದು ಉಸಿರಿನಷ್ಟು ಇತ್ತು. ಆಮೇಲೆ, ಮೊದಲು ಕೆಡುವುದು ತಲೆ ಎಂದು ಊಟದ ಹೊತ್ತಿನಲ್ಲಿ ಮಗಳು ಹೇಳಿದ್ದು ನೆನಪಾಯಿತು. ಇವಳಿಗೆ ಕನ್ನಡ ಮಾತಾಡಲು ಬರುವುದಿಲ್ಲ.

ನಾನು ಕಿರುಚಿದೆ. ಏನು ಅಂತ ಕಿರುಚಿದೆನೋ ಗೊತ್ತಿಲ್ಲ. ಮುದುಕ ಓಡಿ ಬಂದು ಡ್ರಮ್ಮನ್ನು ಚೌಕಟ್ಟಿನ ಸಮೇತ ಅವಳ ಹೆಗಲಿಂದ ಎತ್ತಿ ಹುಲ್ಲಿನ ಮೇಲೆ ಎಸೆದ. ಅದು ಉರುಳಿ ಹೋಯಿತು. ನಾನು ಕಾಲರಿನ ಹತ್ತಿರ ಗಂಟು ಹಿಡಿದು ಎಳೆದೆ. ಬೆನ್ನು ಕಳಚಿ ನನ್ನ ಕೈಗೆ ಬಂತು, ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಬಿಸಿ. ಅವಳು ಕುಸಿದಳು. ಟ್ರೇನರ್ ಅಷ್ಟರಲ್ಲಿ ತಲುಪಿದ್ದಳು. ಟೆಂಟಿನ ಹಿಂದೆ ಐಸ್ ನೀರು ತುಂಬಿದ ದೊಡ್ಡ ತೊಟ್ಟಿ ಸದಾ ಸಿದ್ಧ ಇಟ್ಟಿರುತ್ತಿದ್ದಳು, ಅದನ್ನು ನೋಡಿ ನಾನೇ ಒಮ್ಮೆ ಇದೇನು ಕಲ್ಲಂಗಡಿ ಮಾರುತ್ತೀರಾ ಎಂದು ತಮಾಷೆ ಮಾಡಿದ್ದೆ. ಮೂವರು ಎತ್ತಿ ಕುತ್ತಿಗೆವರೆಗೆ ಅದರಲ್ಲಿ ಮುಳುಗಿಸಿದರು. ಮುದುಕ ತೊಟ್ಟಿಯ ಪಕ್ಕ ಮಂಡಿಯೂರಿ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದ. ಟ್ರೇನರ್ ನೀರನ್ನು ತಿರುವುತ್ತಲೇ ಇದ್ದಳು. ಮೊದಲು ತಂಪು, ಆಮೇಲೆ ಆಂಬುಲೆನ್ಸ್, ಎಂದು ಯಾರಿಗೋ ಗದರಿದಳು.

ನನಗೆ ಅಲ್ಲಿ ಮಾಡಲು ಕೆಲಸವಿರಲಿಲ್ಲ. ತಿರುಗಿ ನೋಡಿದರೆ ಉಳಿದ ಡ್ರಮ್ಮಿನವರು ಇನ್ನೂ ಸಾಲಿನಲ್ಲೇ ನಿಂತಿದ್ದರು. ಬಿಡಿ ಅಂತ ಯಾರೂ ಹೇಳಿರಲಿಲ್ಲ, ಅದಕ್ಕೆ ನಿಂತಿದ್ದರು. ನಾನು ಹೋಗಿ ಒಬ್ಬೊಬ್ಬರ ಹಿಂದೆ ನಿಂತು ಗಂಟು ಹಿಡಿದು ಎಳೆದೆ. ಒಂದೊಂದೇ ಕೆಂಪು ಬೆನ್ನು ಹುಲ್ಲಿನ ಮೇಲೆ ಬಿತ್ತು. ಕೋಳಿಯ ಹಾಗೆ ಕೂಗಿದ್ದ ಹುಡುಗ ಅಳುತ್ತಿದ್ದ.

ತೊಟ್ಟಿಯಲ್ಲಿ ಸ್ವಲ್ಪ ಹೊತ್ತಾದ ಮೇಲೆ ಮೊಮ್ಮಗಳು ಕಣ್ಣು ತೆರೆದು, ಚಳಿ, ಎಂದಳು. ಇಂಗ್ಲಿಷಿನಲ್ಲಿ. ಟ್ರೇನರ್ ಹೆಸರು ಕೇಳಿದಳು, ಊರು ಕೇಳಿದಳು. ಎಲ್ಲಕ್ಕೂ ಇಂಗ್ಲಿಷಿನಲ್ಲಿ ಸರಿಯಾಗಿ ಉತ್ತರ ಕೊಟ್ಟಳು. ಆ ಇಂಗ್ಲಿಷು ಕೇಳಿ ನನ್ನ ಎದೆ ಜಾಗಕ್ಕೆ ಬಂತು. ಆದರೂ ಏನೋ ಒಂದು ಹೋಯಿತು ಅನ್ನಿಸಿತು. ಅದನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ. ಆ ಕನ್ನಡ ಮತ್ತೆ ಬೇಕು. ಹಾಗೆ ಬರುವುದಾದರೆ ಎಂದಿಗೂ ಬೇಡ.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ಸದ್ಯಕ್ಕೆ ಬಿಸಿಲು ಬೇಡ, ಡ್ರಮ್ ಬೇಡ, ಆಮೇಲೆ ನೋಡೋಣ ಎಂದರು ಡಾಕ್ಟರು. ಮೊದಲ ಸ್ಪರ್ಧೆ ಅವಳ ಕೈ ತಪ್ಪಿತು. ಮಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಪಕ್ಕ ಬಂದು ಕೂತಳು. ಮಾತು ಬಿಡುತ್ತಾಳೆ ಅಂದುಕೊಂಡೆ. ಆಮೇಲೆ, ಕನ್ನಡದಲ್ಲಿ ಏನಂದಳು ಎಂದು ಕೇಳಿದಳು. ಹೇಳಿದೆ. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಆ ವರ್ಷಗಳಲ್ಲಿ ಅವಳು ಇರಲಿಲ್ಲ, ಗುಂಡಿ ಡಬ್ಬ ಅವಳು ನೋಡಿಲ್ಲ.

ಮುದುಕ ಎರಡು ದಿನ ಬಿಟ್ಟು ಅಂಗಡಿಗೆ ಬಂದ. ಬೆನ್ನುಗಳನ್ನು ಹುಲ್ಲಿನಿಂದ ಆರಿಸಿ ತಂದಿದ್ದ. ಮಕ್ಕಳು ಇನ್ನೂ ಕೋಟೇ ಬೇಕು ಅನ್ನುತ್ತಿದ್ದಾರೆ, ರಾತ್ರಿಯ ಸ್ಪರ್ಧೆಗಳಿಗೆ ಮಾತ್ರ ಹಾಕಿದರೆ ಹೇಗೆ ಎಂದು ನನ್ನ ಮುಖ ನೋಡದೆ ಕೇಳಿದ. ನಾನು ಕೈಲಿದ್ದ ಸೂಜಿ ಕೆಳಗಿಟ್ಟೆ. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

"ಕೋಟು ಚೆನ್ನಾಗಿದೆ ಸಾರ್. ನಾನು ಕಂಡದ್ದರಲ್ಲೇ ಒಳ್ಳೇ ಕೋಟು. ಮಕ್ಕಳ ಮೈಗೆ ಹಾಕಲು ನಾನು ಹೊಲಿಯಲ್ಲ. ಈ ಅಂಗಡೀಲಿ ಯಾರೂ ಹೊಲಿಯಲ್ಲ, ನಾನು ಬಿಡಲ್ಲ."

ಅವನು ಕುರ್ಚಿಯಲ್ಲಿ ಕೂತ. ತಾನು ಬಾರಿಸುತ್ತಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ ಒಬ್ಬ ಹುಡುಗ ಇದೇ ಕೋಟಿನಲ್ಲಿ ಸಾಲಿನ ಮಧ್ಯೆ ಬಿದ್ದನಂತೆ. ಇವರು ಸಾಲು ಮುರಿಯದೆ ಅವನನ್ನು ಸುತ್ತು ಹಾಕಿಕೊಂಡು ಬಾರಿಸುತ್ತಲೇ ಹೋದರಂತೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. "ಆ ಚಪ್ಪಾಳೇನ ನಾವು ಐವತ್ತು ವರ್ಷ ಹೇಳ್ಕೊಂಡು ತಿರುಗಿದ್ವಿ, ಮ್ಯಾಮ್" ಅಂದ. ಹುಡುಗ ಏನಾದ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ತುತ್ತೂರಿಯವರ ತೆಳು ಬಟ್ಟೆಯಲ್ಲೇ ಕೆಂಪು ಬಣ್ಣದ್ದು ತರಿಸಿ, ಡ್ರಮ್ಮಿನವರಿಗೂ ಅದನ್ನೇ ಹೊಲಿದೆವು. ಅಂಗಡಿಯಲ್ಲಿ ಎಲ್ಲರೂ ಕೂತು ಹೊಲಿದೆವು. ಅದು ಹೊಲಿಯಲು ಸುಲಭ, ಕೈಗೆ ಜಾರುತ್ತದೆ, ಇಸ್ತ್ರಿಗೆ ವಾಸನೆಯೇ ಬರುವುದಿಲ್ಲ.

ಸ್ಪರ್ಧೆಯ ಹಿಂದಿನ ಸಂಜೆ ಪದ್ಧತಿ ಬಿಡಬಾರದು ಎಂದು ನೆರಳಿನಲ್ಲಿ ಉಣ್ಣೆ ಕೋಟುಗಳನ್ನು ತಂದಿಟ್ಟರು. ಹಿಂದಿನವರು ಬಂದು ಹೊಸಬರ ಹೆಗಲಿಗೆ ಸುಮ್ಮನೆ ಹೊದಿಸಿ, ಒಂದು ಗಳಿಗೆ ಬಿಟ್ಟು ತೆಗೆದುಕೊಳ್ಳುವುದು ಎಂದಾಯಿತು. ಮುದುಕ ಮೊಮ್ಮಗಳ ಕೋಟು ಹಿಡಿದು ಅವಳ ಮುಂದೆ ನಿಂತ. 

"ನೋ" ಅಂದಳು. "ನಾಟ್ ಲೈಕ್ ದಿಸ್."

ಸಿಟ್ಟಿರಲಿಲ್ಲ. ಮೈದಾನಕ್ಕೆ ಇಳಿಯದಿದ್ದ ಮೇಲೆ ಅದು ಅವಳದ್ದಲ್ಲ, ಅಷ್ಟೆ. ಮುದುಕ ಕೋಟನ್ನು ತನ್ನ ತೋಳಿನ ಮೇಲೆ ಮಡಿಸಿಕೊಂಡ.

ಮಾರನೆಯ ರಾತ್ರಿ ಸ್ಪರ್ಧೆ. ನಾನು, ಮಗಳು, ಮಧ್ಯೆ ಮೊಮ್ಮಗಳು ಮೆಟ್ಟಿಲ ಮೇಲೆ ಕೂತೆವು. ಡ್ರಮ್ಮಿನವರು ಹೊಸ ಬಟ್ಟೆಯಲ್ಲಿ ಹಗುರವಾಗಿ ಬಂದರು. ಬಾಸ್ ಸಾಲಿನಲ್ಲಿ ಒಂದು ಜಾಗ ಖಾಲಿ. ಯಾರನ್ನೂ ತುಂಬಿಸಿರಲಿಲ್ಲ. ಸಾಲು ಎಲ್ಲಿ ಹೋದರೂ ಆ ಖಾಲಿ ಜಾಗವೂ ಜೊತೆಗೇ ಹೋಗುತ್ತಿತ್ತು. ಮೊಮ್ಮಗಳು ತನ್ನ ಭಾಗವನ್ನು ತೊಡೆಯ ಮೇಲೆ ಬಡಿಯುತ್ತಿದ್ದಳು, ಒಂದೂ ಬಿಡದೆ. ಅವರು ಬೆನ್ನು ತಿರುಗಿಸಿ ದೂರ ನಡೆದಾಗ ಅವಳ ಕೈ ನಿಂತಿತು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಬೇಸಿಗೆಯ ಕೊನೆಗೆ ಅವಳು ಆ ಜಾಗಕ್ಕೆ ವಾಪಸ್ ಹೋದಳು, ತೆಳು ಬಟ್ಟೆಯಲ್ಲೇ ಹೋದಳು. ಅದನ್ನು ಅವಳೇ ಬೇಕಾದರೆ ಬರೆಯಲಿ.

ಸ್ಪರ್ಧೆ ಮುಗಿದು ಎಲ್ಲರೂ ಬಸ್ಸುಗಳ ಹತ್ತಿರ ನಿಂತಿದ್ದಾಗ ಸ್ನೇರ್ ಸಾಲಿನ ಮುಂದಾಳು ಹುಡುಗ ಮುದುಕನ ಬಳಿ ಬಂದ. ಮಾರ್ಕು ಚೆನ್ನಾಗಿ ಬಂದಿತ್ತು, ಎಲ್ಲರೂ ಹುರುಪಿನಲ್ಲಿದ್ದರು. ಕೊನೆಯ ಸ್ಪರ್ಧೆಗಾದರೂ ಒಂದೇ ಸಲ ಆ ಕೋಟು ಹಾಕಿಕೊಳ್ಳೋಣವೇ, ಯಾರಿಗೂ ಹೇಳುವುದಿಲ್ಲ ಎಂದು ಕೇಳಿದ. ಮುದುಕ ಆಗಲ್ಲ ಎಂದ. ಆದರೆ ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡ. ಆ ಹೊತ್ತನ್ನು ನಾನು ನೋಡಿದೆ. ಇವನೂ ಮುದುಕ, ನಾನೂ ಮುದುಕಿ. ನಾಳೆ ಕೋಟುಗಳನ್ನಿಟ್ಟ ಕೋಣೆಯ ಕೀಲಿ ಇನ್ನೊಬ್ಬರ ಕೈಗೆ ಹೋಗುತ್ತದೆ, ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಹೊರಡುವಾಗ ಅವನು ನನ್ನ ಹತ್ತಿರ ಬಂದು, ಕೋಟುಗಳನ್ನು ಮೊದಲಿದ್ದ ಹಾಗೆ ಮಾಡಿಕೊಡಿ ಮ್ಯಾಮ್, ಗಾಜಿನ ಬೀರುವಿನಲ್ಲಿ ನೇತುಹಾಕುತ್ತೇನೆ ಎಂದ. ಸರಿ ಅಂದೆ.

ಮರುದಿನ ಬೆಳಿಗ್ಗೆ ಬೇರೆಯವರು ಬರುವ ಮೊದಲೇ ಅಂಗಡಿ ತೆಗೆಸಿದೆ. ಜಾಲರಿ ಕಿತ್ತು, ಉಣ್ಣೆಯ ಬೆನ್ನನ್ನು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಹಳೇ ಹೊಲಿಗೆಯ ತೂತುಗಳಲ್ಲೇ ಸೂಜಿ ಹಾಯಿಸಿ ಪಕ್ಕಾ ಹೊಲಿಗೆ ಹಾಕಿದೆ. ಲೈನಿಂಗ್ ಕೂರಿಸಿದೆ. ಆಮೇಲೆ ಕೋಟಿನ ಒಳಮಗ್ಗಲು ಹೊರಗೆ ಮಾಡಿ, ಎರಡೂ ತೋಳುಗಳು ಶುರುವಾಗುವ ಜಾಗಕ್ಕೆ ಬಿಗಿಯಾದ ಕ್ಯಾನ್ವಾಸಿನ ತುಂಡು ಇಟ್ಟು, ಎರಡೆಳೆ ದಾರದಲ್ಲಿ ಸುತ್ತಲೂ ಹೊಲಿದು ಮುಚ್ಚಿದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ತೊಟ್ಟುಕೊಳ್ಳಲು ಹೋದರೆ ಕೈ ಹೋಗುವುದಿಲ್ಲ. ಎಳೆಯಲು ಗಂಟು ಬಿಡಲಿಲ್ಲ. ಮೊದಲು ಮುಚ್ಚಿದ್ದು ಮೊಮ್ಮಗಳ ಕೋಟು.